ಹೊದಿಕೆಯ ಕೆಳಗೆ ಬಿರುಕುಬಿಟ್ಟ ಸ್ಟೇನ್‌ಲೆಸ್ ಸ್ಟೀಲ್

ಪ್ರಶ್ನೆ: ಬಿಸಿ ದ್ರವ ಸಾಗಿಸುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ಶಾಖನಿರೋಧಕ ಹೊದಿಕೆಯನ್ನು ಬಿಚ್ಚಿದಾಗ ಕೂದಲೆಳೆಯಂತಹ ಬಿರುಕುಗಳು ಕಂಡವು. ತುಕ್ಕು ಹಿಡಿಯದ ಲೋಹಕ್ಕೆ ಹೀಗೇಕಾಯಿತು? ಸತುವಿನ ಲೇಪನ ಕೊಟ್ಟರೆ ಸಾಕೆ?

ಉತ್ತರ: ತಾವು ಕಂಡದ್ದು ಬಹುಶಃ ಉಪ್ಪಿನಂತಹ ಲವಣಗಳಲ್ಲಿರುವ ಕ್ಲೋರೈಡ್‌ನಿಂದಾದ ಒತ್ತಡ ಬಿರುಕು. ಹೊದಿಕೆಯೊಳಗೆ ನುಸುಳಿದ ನೀರು ಬಿಸಿ ಮೇಲ್ಮೈಯಲ್ಲಿ ಮತ್ತೆ ಮತ್ತೆ ಆವಿಯಾಗುತ್ತ, ತಾನು ಹೊತ್ತುತಂದ ಲವಣವನ್ನು ಅಲ್ಲೇ ಬಿಟ್ಟುಹೋಗುವುದರಿಂದ, ಅತ್ಯಲ್ಪ ಕ್ಲೋರೈಡ್ ಕೂಡ ಕ್ರಮೇಣ ಸಾಂದ್ರಗೊಂಡು, ಬೆಸುಗೆಯ ಬಳಿ ಉಳಿದಿರುವ ಎಳೆತದೊಂದಿಗೆ ಸೇರಿ ಲೋಹವನ್ನು ಸೀಳುತ್ತದೆ. ಸಾಮಾನ್ಯವಾಗಿ ಬಳಸುವ 304 ಮತ್ತು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗಳಿಗೆ ಸುಮಾರು 50ರಿಂದ 175 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿ ವಿಶೇಷವಾಗಿ ಅಪಾಯಕಾರಿ.

ಸತುವನ್ನು ದಯವಿಟ್ಟು ಬಳಸಬೇಡಿ. ಅದು 419 ಡಿಗ್ರಿಗೆ ಕರಗುತ್ತದೆ. ಬೆಂಕಿ ಅನಾಹುತ ಅಥವಾ ಬೆಸುಗೆಯ ವೇಳೆ ಕರಗಿದ ಸತು ಈ ಉಕ್ಕಿನ ಕಣಗಳ ಅಂಚುಗಳಿಗೆ ಇಳಿದು ಅದನ್ನು ಹಠಾತ್ತನೆ ಒಡೆಯಬಲ್ಲದು.

ಉಷ್ಣ ಸಿಂಪರಣೆಯಿಂದ, ಅಂದರೆ ಕರಗಿಸಿದ ಲೋಹವನ್ನು ಸಿಂಪಡಿಸಿ, ಕೂರಿಸುವ ಅಲ್ಯೂಮಿನಿಯಂ ಲೇಪನವೇ ನನ್ನ ಸಲಹೆ. ಸಾಮಾನ್ಯವಾಗಿ 250 ಮೈಕ್ರೊಮೀಟರ್ ಅಥವಾ ಅದಕ್ಕಿಂತ ತುಸು ದಪ್ಪವಿರುವ ಈ ಪದರವು ನೀರನ್ನು ತಡೆಯುವುದಷ್ಟೇ ಅಲ್ಲದೆ, ಎಲ್ಲಾದರೂ ಗೀರುಬಿದ್ದರೆ ತಾನೇ ಸವೆದು ಉಕ್ಕನ್ನು ಕಾಯುತ್ತದೆ. ಸಾಮಾನ್ಯ ಬಣ್ಣಕ್ಕೆ ಈ ಗುಣವಿಲ್ಲ. ಲೇಪನಕ್ಕೆ ಮೊದಲು ಮೇಲ್ಮೈಯನ್ನು ಒರಟಾಗಿಸಲು ಕಬ್ಬಿಣರಹಿತ ಹರಳುಗಳನ್ನೇ ಬಳಸಬೇಕು. ಸಿಂಪರಣೆ ಅಸಾಧ್ಯವಾದ ಕಡೆ, ಹೊದಿಕೆಯ ಕೆಳಗೆ ತೆಳು ಅಲ್ಯೂಮಿನಿಯಂ ಹಾಳೆಯನ್ನು ನೀರು ಜಾರುವಂತೆ ಅಂಚಿನ ಮೇಲೆ ಅಂಚು ಬರುವ ಹಾಗೆ ಸುತ್ತಬಹುದು. ಆದರೆ ಈಗಾಗಲೇ ಬಿರುಕುಬಿಟ್ಟಿರುವ ಭಾಗವನ್ನು ಯಾವ ಲೇಪನವೂ ಸರಿಪಡಿಸದು. ಅದನ್ನು ಮೊದಲು ಬದಲಿಸಿ.