ನೋ ಪಾರ್ಕಿಂಗಲ್ಲಿ ನನ್ನ ಸ್ಕೂಟರಿಗೆ ಮಾತ್ರ ಫೈನ್, ಪಕ್ಕದ ಕಾರಿಗೆ ಯಾಕಿಲ್ಲ?

ಬೆಂಗಳೂರಲ್ಲಿ ಒಂದೇ ಬೋರ್ಡ್ ಕೆಳಗೆ ನಿಂತಿದ್ದ ನಿಮ್ಮ ಸ್ಕೂಟರಿಗೆ ಕೇಸ್ ಬಿತ್ತು, ಪಕ್ಕದಲ್ಲಿದ್ದ ದೊಡ್ಡ ಕಾರನ್ನ ಯಾರೂ ಮುಟ್ಟಲಿಲ್ಲ, ಇದ್ಯಾವ ನ್ಯಾಯ ಅಂತ ಕೇಳಿದೀರ. ನಾನು ಒಂದು ಮಾರ್ಕೆಟ್ ರೋಡಲ್ಲಿ ಹದಿನಾಲ್ಕು ವರ್ಷದಿಂದ ಬಟನ್ನು, ಲೈನಿಂಗು, ಸೀರೆ ಫಾಲ್ಸು ಮಾರೋ ಅಂಗಡಿ ಇಟ್ಕೊಂಡಿದೀನಿ, ಗಲ್ಲಾದಲ್ಲಿ ಕೂತ್ರೆ ಎದುರಿಗೇ ದಿನಾ ಇದೇ ನಾಟಕ.

ವಶೀಲಿ, ಪರಿಚಯ ಎಲ್ಲಾ ನಡೆಯತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾನು ಕಂಡ ಹಾಗೆ ದೊಡ್ಡ ಕಾರಣ ಭಾರ ಕಣ್ರೀ, ಬರೀ ಗಾಡಿ ಭಾರ. ನೋ ಪಾರ್ಕಿಂಗಲ್ಲಿ ನಿಲ್ಸಿದ್ದನ್ನ ಎತ್ಕೊಂಡು ಹೋಗೋ ಟೈಗರ್ ಗಾಡಿ ಓಡಾಡ್ತಿದ್ದ ಕಾಲ ನೆನಪಿದ್ಯಾ? ನಾಲ್ಕು ಹುಡುಗ್ರು ಧಡಧಡ ಇಳಿಯೋರು, ಹ್ಯಾಂಡಲ್ ಲಾಕ್ ಆಗಿದ್ರೂ ಹಿಂದೆ ಮುಂದೆ ಹಿಡಿದು ಅಕ್ಕಿ ಮೂಟೆ ಥರ ಎತ್ತಿ ಮೇಲಿಡೋರು, ಮಾಲೀಕ ಕಾಫಿ ಲೋಟ ಬಿಟ್ಟು ಓಡಿ ಬರೋಷ್ಟರಲ್ಲಿ ಮುಂದಿನ ಕ್ರಾಸ್. ಕಾರು ಎತ್ತಬೇಕಂದ್ರೆ ಬೇರೆ ಗಾಡಿ ಬರಬೇಕು, ಹಿಂದೆ ಟ್ರಾಫಿಕ್ ನಿಲ್ಲತ್ತೆ, ಬಂಪರಿಗೊಂದು ಗೀಟು ಬಿದ್ರೆ ಜಗಳ ಬೇರೆ. ಆಗ ಬೈಕಿಗೆ ಫೈನ್ 1000, ಟೋಯಿಂಗ್ 650, ಕಾರಿಗೆ 1000 ಮತ್ತೆ 1000. ಅಷ್ಟೆಲ್ಲಾ ಒದ್ದಾಟಕ್ಕೆ ಸಿಗೋದು 350 ಜಾಸ್ತಿ, ಎತ್ತೋರು ಗುತ್ತಿಗೆಯವರು, ಇನ್ನು ಯಾವುದನ್ನ ಎತ್ತಾರೆ ನೀವೇ ಲೆಕ್ಕ ಹಾಕಿ. 2022ರಲ್ಲಿ ಜನರ ಗಲಾಟೆ ಜಾಸ್ತಿ ಆಗಿ ಸರ್ಕಾರ ಅದನ್ನ ನಿಲ್ಲಿಸ್ತು.

ಆಮೇಲೆ ಪೊಲೀಸರು ಫೋನಲ್ಲಿ ಫೋಟೋ ಹೊಡೆದು ಕೇಸ್ ಹಾಕೋದೇ ಜಾಸ್ತಿ ಆಯ್ತು. ಫೋಟೋಗೆ ಎಲ್ಲಾ ಗಾಡೀನೂ ಒಂದೇ ಭಾರ, ಈಗಲಾದ್ರೂ ಸರಿಹೋಗತ್ತೆ ಅಂದ್ಕೊಂಡೆ. ಎಲ್ಲಿ! ನಂಬರಲ್ಲಿ ಜಿ ಇರೋ ಸರ್ಕಾರಿ ಗಾಡಿ, ಗ್ಲಾಸ್ ಮೇಲೆ ಅಡ್ವೊಕೇಟು, ಪ್ರೆಸ್ಸು ಅಂತ ಸ್ಟಿಕ್ಕರ್ ಇರೋ ಗಾಡಿ ಬಂದಾಗ ಫೋನು ಸೀದಾ ಮುಂದಿನ ಸ್ಕೂಟರಿಗೆ ಹೋಗಿದ್ದನ್ನ ಎಷ್ಟೋ ಸಲ ನೋಡಿದೀನಿ. ಇನ್ನೊಂದು ತಮಾಷೆ, ನಮ್ಮ ರೋಡಲ್ಲಿ ಪಾರ್ಕಿಂಗು ಸಮ ತಾರೀಕು ಈ ಕಡೆ, ಬೆಸ ತಾರೀಕು ಆ ಕಡೆ. 31 ಆದ್ಮೇಲೆ 1ನೇ ತಾರೀಕು, ಎರಡೂ ಬೆಸ, ಆವತ್ತು ಅಭ್ಯಾಸಬಲದಿಂದ ಸೈಡ್ ಬದಲಾಯಿಸಿದ ಪಾಪದವರೆಲ್ಲಾ ಸಾಲಾಗಿ ಸಿಕ್ಕಿಬೀಳ್ತಾರೆ.

ನಿಮ್ಮ ಫೈನ್ ಮಾತ್ರ ಕಟ್ಟಲೇಬೇಕು, ಪಕ್ಕದವನನ್ನ ಬಿಟ್ಟಿದಾರೆ ನನ್ನನ್ನೂ ಬಿಡಿ ಅನ್ನೋ ವಾದ ಕೋರ್ಟಲ್ಲೂ ನಿಲ್ಲಲ್ಲ. ಆ ಕಾರಿನ ಮೇಲೆ ಸಿಟ್ಟಿದ್ರೆ ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪಲ್ಲಿ ಕಂಪ್ಲೇಂಟ್ ಹಾಕಿ, ಬೋರ್ಡೂ ನಂಬರ್ ಪ್ಲೇಟೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೀರಿ.

ಇನ್ನೊಂದು ಹೇಳ್ತೀನಿ, ಬೈಬೇಡಿ. ಟೈಗರ್ ಹುಡುಗ್ರು ನಮ್ಮಲ್ಲೇ ನೀರು ಕುಡಿಯೋರು, ಅದಕ್ಕೆ ಗಾಡಿಗೆ ಕೈ ಹಾಕೋ ಮುಂಚೆ ಒಳಗೆ ಬಗ್ಗಿ "ಅಣ್ಣಾ, ನಿಮ್ದಾ?" ಅಂತ ಕೇಳೋರು. ನಂದು ಅಂತಿದ್ದೆ. ಪಕ್ಕದ್ದು ಕಸ್ಟಮರ್ದಾದ್ರೆ ಅದೂ ನಮ್ದೇ ಅಂತಿದ್ದೆ. ಅವರು ತಲೆ ಆಡಿಸಿ ಮೂರನೇದು ಎತ್ಕೊಂಡು ಹೋಗೋರು.