ಮೂಲೆಯಲ್ಲಿ ನಿಂತವನ ಹಾಡು

ಪ್ರಶ್ನೆ: ಆರ್.ಇ.ಎಂ. ತಂಡದ 'ಲೂಸಿಂಗ್ ಮೈ ರಿಲಿಜನ್' ನನಗೆ ತುಂಬಾ ಇಷ್ಟದ ಹಾಡು. ಆದರೆ ಮನೆಯಲ್ಲಿ ಹಾಕಿದಾಗಲೆಲ್ಲ ನಮ್ಮಣ್ಣ 'ಧರ್ಮ ಬಿಟ್ಟವರ ಹಾಡು' ಅಂತ ರೇಗಿಸುತ್ತಾನೆ. ವಿಡಿಯೊದಲ್ಲೂ ದೇವರು, ಸಂತರು, ರೆಕ್ಕೆ ಇರುವ ಮುದುಕ ಎಲ್ಲ ಬರುತ್ತಾರೆ. ನಿಜಕ್ಕೂ ಇದು ದೇವರ ಮೇಲಿನ ಸಿಟ್ಟಿನ ಹಾಡಾ? ವಿಡಿಯೊ ತೆಗೆದದ್ದು ಭಾರತದವರು ಅನ್ನುತ್ತಾರಲ್ಲ, ಹೌದಾ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮಣ್ಣನಿಗೆ ಹೇಳಿ, ಇದು ಪ್ರೀತಿಯ ಹಾಡು. ಅದೂ ಬಾಯಿಬಿಟ್ಟು ಹೇಳಲಾಗದೆ ಒಳಗೇ ಒದ್ದಾಡುವ ಪ್ರೀತಿಯದು.

ಗೊಂದಲವೆಲ್ಲ ಹಾಡಿನ ಹೆಸರಿನಿಂದ. ಪದಕ್ಕೆ ಪದ ಹಿಡಿದರೆ 'ನನ್ನ ಧರ್ಮ ಕಳೆದುಕೊಳ್ಳುತ್ತಿದ್ದೇನೆ' ಅಂತಾಗುತ್ತದೆ. ಆರ್.ಇ.ಎಂ. ಹುಟ್ಟಿದ್ದು 1980ರಲ್ಲಿ, ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ. ಅಮೆರಿಕದ ಆ ದಕ್ಷಿಣದ ಕಡೆ ತಾಳ್ಮೆ ಪೂರ್ತಿ ಕೆಟ್ಟುಹೋದಾಗ, ಇನ್ನು ಆಗಲ್ಲಪ್ಪಾ ಅನ್ನಿಸಿದಾಗ ಆಡುವ ಮಾತು ಈ 'ಲೂಸಿಂಗ್ ಮೈ ರಿಲಿಜನ್'. ನಾವು 'ಪಿತ್ತ ನೆತ್ತಿಗೇರಿತು' ಅನ್ನುತ್ತೇವೆ. ಅದನ್ನು ಕೇಳಿ ಯಾರೂ ಡಾಕ್ಟರ್ ಹತ್ತಿರ ಓಡುವುದಿಲ್ಲ ಅಲ್ವಾ? ಹಾಗೇ ಇದೂ.

ಹಾಡು ಬರೆದು ಹಾಡಿದ ಮೈಕೆಲ್ ಸ್ಟೈಪ್ ಇದನ್ನು ಹಲವು ಸಲ ಬಿಡಿಸಿ ಹೇಳಿದ್ದಾರೆ. ಪಾರ್ಟಿಯಲ್ಲಿ ಒಬ್ಬ ನಾಚಿಕೆ ಸ್ವಭಾವದವನಿದ್ದಾನೆ. ಮನಸ್ಸು ಕೊಟ್ಟವರು ಎದುರಿಗೇ ಇದ್ದಾರೆ. ಹತ್ತಿರ ಹೋಗಲು ಧೈರ್ಯವಿಲ್ಲ. ಜಾಸ್ತಿ ಹೇಳಿಬಿಟ್ಟೆನೋ, ಏನೂ ಹೇಳಲೇ ಇಲ್ಲವೋ ಅಂತ ಒಂದೇ ಸಮ ಲೆಕ್ಕ ಹಾಕುತ್ತಾನೆ. 'ಮೂಲೆಯಲ್ಲಿರೋನು ನಾನೇ' ಅನ್ನುವ ಸಾಲು ಇದೆಯಲ್ಲ, ಮೊದಲು ಬರೆದಾಗ ಅದರಲ್ಲಿ ಮೂಲೆ ಇರಲಿಲ್ಲ, ಅಡುಗೆಮನೆ ಇತ್ತಂತೆ! ಬದಲಾಯಿಸಿದ್ದು ಒಳ್ಳೆಯದೇ ಆಯಿತು. ಅಡುಗೆಮನೆಯಲ್ಲಿ ಮಾಡಲು ಏನಾದರೂ ಕೆಲಸ ಇರುತ್ತದೆ. ಮೂಲೆಯಲ್ಲಿ ಸುಮ್ನೆ ನಿಂತಿರಬೇಕು, ಅಷ್ಟೆ.

ರಾಗ ಹುಟ್ಟಿದ ಕಥೆ ಇನ್ನೂ ಚೆನ್ನಾಗಿದೆ. ಗಿಟಾರ್ ವಾದಕ ಪೀಟರ್ ಬಕ್ ಹೊಸದಾಗಿ ಒಂದು ಮ್ಯಾಂಡೊಲಿನ್ ಕೊಂಡಿದ್ದರು. ಟಿವಿ ನೋಡುತ್ತಾ ಕಲಿಯುವುದು, ಪಕ್ಕದಲ್ಲಿ ರೆಕಾರ್ಡರ್ ಓಡುತ್ತಿರುವುದು. ಮಾರನೇ ದಿನ ಕೇಳಿಸಿಕೊಂಡರೆ ಬರೀ ತಡಕಾಟ. ಅದರ ನಡುವೆ ಈ ಹಾಡಿನ ತುಣುಕು! ಮ್ಯಾಂಡೊಲಿನ್ ಅಂದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವವರು ಯು. ಶ್ರೀನಿವಾಸ್. ಅವರು ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ವಾದ್ಯ. ಬಕ್ ಅವರದು ಕರೆಂಟಿಲ್ಲದ ಹಳೇ ಬಗೆ: ಎಂಟು ತಂತಿ, ಎರಡೆರಡರ ನಾಲ್ಕು ಜೋಡಿ, ಶ್ರುತಿ ಪಿಟೀಲಿನಂತೆ. ಗಿಟಾರಿನಲ್ಲಿ ಬೆರಳು ತಾನಾಗಿ ಹೋಗುವ ಜಾಗಗಳೇ ಬೇರೆ, ಇಲ್ಲಿಯವೇ ಬೇರೆ. ಗಿಟಾರ್ ಹಿಡಿದಿದ್ದರೆ ಹೀಗೆ ಬರುತ್ತಿರಲಿಲ್ಲ ಅಂತ ಬಕ್ ಅವರೇ ಹೇಳಿದ್ದಾರೆ. ಕಲಿಯುವವನ ಕೈಯಾದ್ದರಿಂದಲೇ ಈ ಹಾಡು ಸಿಕ್ಕಿತು ಅನ್ನುವುದು ನನ್ನ ಲೆಕ್ಕ. ಪಳಗಿದ ಕೈ ಗೊತ್ತಿದ್ದ ದಾರಿಯಲ್ಲೇ ಹೋಗಿಬಿಡುತ್ತಿತ್ತು.

1991ರ ಫೆಬ್ರುವರಿಯಲ್ಲಿ ಹಾಡು ಬಂತು, ಮಾರ್ಚ್‌ನಲ್ಲಿ 'ಔಟ್ ಆಫ್ ಟೈಮ್' ಆಲ್ಬಂ. ಎಲ್ಲರೂ ಸೇರಿ ಗುನುಗುವಂಥ ಪಲ್ಲವಿ ಇದರಲ್ಲಿಲ್ಲ. ಮುಂದೆ ನಿಂತಿರುವುದು ಮ್ಯಾಂಡೊಲಿನ್. ಇದನ್ನೇ ಮೊದಲು ಬಿಡಲು ರೆಕಾರ್ಡ್ ಕಂಪನಿ ಹಿಂದೆ ಮುಂದೆ ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಅಲ್ಲಿವರೆಗೆ ಕಾಲೇಜು ರೇಡಿಯೊ ಕೇಳುವವರ ಪ್ರೀತಿಯ ತಂಡವಾಗಿದ್ದ ಆರ್.ಇ.ಎಂ. ಮನೆಮಾತಾಯಿತು.

ಇನ್ನು ವಿಡಿಯೊ. ಹೌದು, ನಿರ್ದೇಶಕರು ತರ್ಸೆಮ್ ಸಿಂಗ್, ಜಲಂಧರ್‌ನಲ್ಲಿ ಹುಟ್ಟಿದವರು. ಮುಂದೆ 'ದಿ ಸೆಲ್', 'ದಿ ಫಾಲ್' ಸಿನಿಮಾ ಮಾಡಿದವರೂ ಇವರೇ. ಸ್ಟೈಪ್‌ಗೆ ಸರಳವಾಗಿ, ಬರೀ ಹಾಡುವುದನ್ನೇ ತೋರಿಸಿದರೆ ಸಾಕು ಅನ್ನಿಸಿತ್ತು. ತರ್ಸೆಮ್‌ಗೆ ಭಾರತದ ಸಿನಿಮಾಗಳ ಹಾಗೆ ಭಾವ ತುಂಬಿ ತುಳುಕುವ, ಕನಸಿನಂಥ ವಿಡಿಯೊ ಬೇಕಿತ್ತು. ಕೊನೆಗೆ ಎರಡೂ ಸೇರಿದವು. ಶುರುವಿನಲ್ಲೇ ನೋಡಿ: ಹೊರಗೆ ಮಳೆ, ಕಿಟಕಿ ಹತ್ತಿರದ ಹಾಲಿನ ಜಗ್ಗು ಬಿದ್ದು ಚೂರಾಗುತ್ತದೆ. ಅದು ರಷ್ಯಾದ ತರ್ಕೋವ್‌ಸ್ಕಿಯ ಸಿನಿಮಾದ ನೆನಪು. ರೆಕ್ಕೆಯ ಮುದುಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಕಥೆಯಿಂದ ಬಂದವನು. ಆ ಕಥೆಯಲ್ಲಿ ಅವನು ಅಂಗಳಕ್ಕೆ ಬಿದ್ದಾಗ ಜನ ಕೋಳಿಗೂಡಿಗೆ ಹಾಕಿಡುತ್ತಾರೆ. ಕತ್ತಲೆಯೊಳಗಿಂದ ಮೈಗಳು ಹೊಳೆಯುವ ಬೆಳಕು ಇಟಲಿಯ ಚಿತ್ರಕಾರ ಕರವಾಜ್ಜೊನ ದಾರಿಯದು. ಬಾಣ ಚುಚ್ಚಿಕೊಂಡ ಸಂತ ಸೆಬಾಸ್ಟಿಯನ್ ಪಕ್ಕದಲ್ಲಿ ನಮ್ಮ ದೇವತೆಗಳೂ ಇದ್ದಾರೆ.

ಆದ್ದರಿಂದ ನಿಮ್ಮಣ್ಣನನ್ನು ಪೂರ್ತಿ ಬೈಯುವ ಹಾಗಿಲ್ಲ. ಮಾತಿನಲ್ಲಿ ಇಲ್ಲದ ದೇವರನ್ನು ವಿಡಿಯೊ ತಂದು ಕೂರಿಸಿತು. ಅದಕ್ಕೆ ಆ ವರ್ಷ ಎಂಟಿವಿಯ 6 ಪ್ರಶಸ್ತಿ ಬಂದವು, ಮುಂದಿನ ವರ್ಷ ಗ್ರ್ಯಾಮಿಯೂ ಬಂತು.

2011ರಲ್ಲಿ ತಂಡ ಚದುರಿತು. 2024ರ ಜೂನ್‌ನಲ್ಲಿ ಗೀತರಚನೆಕಾರರ ಗೌರವ ಸಮಾರಂಭಕ್ಕೆಂದು ನಾಲ್ವರೂ ಮತ್ತೆ ವೇದಿಕೆ ಹತ್ತಿ ನುಡಿಸಿದ್ದು ಈ ಹಾಡನ್ನೇ.

ಒಂದು ತಮಾಷೆ ಹೇಳಿಬಿಡುತ್ತೇನೆ. 2013ರಲ್ಲಿ ಯಾರೋ ಒಬ್ಬರು ಇದೇ ಧ್ವನಿಮುದ್ರಣದ ಮೈನರ್ ಸ್ವರಗಳನ್ನು, ಅಂದರೆ ಬೇಸರದ ಛಾಯೆಯವನ್ನು, ಕಂಪ್ಯೂಟರಿನಲ್ಲಿ ಖುಷಿಯ ಛಾಯೆಯ ಮೇಜರ್‌ಗೆ ತಿರುಗಿಸಿ ನೆಟ್‌ನಲ್ಲಿ ಬಿಟ್ಟರು. ಹುಡುಕಿ ಕೇಳಿ, ಅಣ್ಣನಿಗೂ ಕೇಳಿಸಿ. ಅದೇ ಮಾತು, ಅದೇ ದನಿ. ಆದರೆ ಮೂಲೆಯಲ್ಲಿ ನಿಂತವನಿಗೆ ಆ ಕಡೆಯಿಂದ 'ಹೂಂ' ಅಂತ ಉತ್ತರ ಬಂದೇಬಿಟ್ಟಿತೇನೋ ಅನ್ನಿಸುತ್ತದೆ.