ಮಾದರಿ ರೈಲಿಗೊಂದು ದೊಡ್ಡ ಸೇತುವೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡೊಂಬಿವಲಿಯ ನಮ್ಮ ಮನೆಯ ಒಂದು ಕೋಣೆಯಲ್ಲಿ, ಗೋಡೆಗಳ ಉದ್ದಕ್ಕೂ ಎಚ್‌ಒ ಅಳತೆಯ ಮಾದರಿ ರೈಲಿನ ಹಳಿ ಹಾಸಿದ್ದೇನೆ. ಬಾಲ್ಕನಿಯ ಬಾಗಿಲಿನ ಎದುರು ಮಾತ್ರ 80 ಸೆಂ.ಮೀ. ತೆರವು ಉಳಿದಿದೆ. ನಡುವೆ ಕಂಬವಿಲ್ಲದ, ರೈಲು ಒಳಗಿನಿಂದ ಹಾದುಹೋಗುವಂಥ ಉಕ್ಕಿನ ಸೇತುವೆಯೊಂದನ್ನು ಅಲ್ಲಿ ಕೂರಿಸಬೇಕೆಂದಿದ್ದೇನೆ. ಬಟ್ಟೆ ಒಣಹಾಕಲು ಹೋಗುವಾಗ ಅದನ್ನು ಎತ್ತಿಡಲು ಬರಬೇಕು. ಇಷ್ಟು ದೊಡ್ಡ ಸೇತುವೆ ಎಲ್ಲಿ ಸಿಗುತ್ತದೆ, ಹೇಗೆ ಜೋಡಿಸಬೇಕು?
— ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ತೆರವಿನ ಅಳತೆ ಅದೃಷ್ಟದ ಅಳತೆ. ಭಾರತೀಯ ರೈಲ್ವೆಯಲ್ಲಿ ಬಳಕೆಯಲ್ಲಿರುವ ಓಪನ್ ವೆಬ್ ಗರ್ಡರುಗಳ, ಅಂದರೆ ನಾವು ಸಾಮಾನ್ಯವಾಗಿ ಟ್ರಸ್ ಎಂದು ಕರೆಯುವ ಉಕ್ಕಿನ ಚೌಕಟ್ಟುಗಳ, ನಿಗದಿತ ಉದ್ದಗಳು 30.5, 45.7, 61.0 ಮತ್ತು 76.2 ಮೀಟರ್. ಎಚ್‌ಒ ಎಂದರೆ 1:87, ಅಂದರೆ ನಿಜವಾದ ಅಳತೆಯ 87ರಲ್ಲೊಂದು ಪಾಲು. ಹಾಗಾಗಿ ಇವು ನಿಮ್ಮ ಮೇಜಿನ ಮೇಲೆ ಕ್ರಮವಾಗಿ ಸುಮಾರು 351, 525, 701 ಮತ್ತು 876 ಮಿ.ಮೀ. ಆಗುತ್ತವೆ. 876 ಮಿ.ಮೀ. ಉದ್ದದ ಸೇತುವೆಯನ್ನು 80 ಸೆಂ.ಮೀ. ತೆರವಿನ ಮೇಲಿಟ್ಟರೆ ಎರಡೂ ತುದಿಗಳಲ್ಲಿ 38 ಮಿ.ಮೀ.ನಷ್ಟು ಭಾಗ ಆಸರೆಯ ಮೇಲೆ ಕೂರುತ್ತದೆ. ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯನ್ನು ಬೇಡಿಕೊಂಡರೂ ಪಡೆಯುವುದು ಕಷ್ಟ.

ತೊಡಕಿರುವುದು ಕೊಳ್ಳುವ ಕಡೆ. ವಿದೇಶಿ ಕಂಪನಿಗಳ ಕಿಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು 52 ಸೆಂ.ಮೀ. ಆಸುಪಾಸಿನವು ಅಥವಾ ಅದಕ್ಕಿಂತ ಚಿಕ್ಕವು. ಅಮೆರಿಕದ ಸೆಂಟ್ರಲ್ ವ್ಯಾಲಿ ಕಂಪನಿಯ 150 ಅಡಿಯ ಟ್ರಸ್ ನಮ್ಮ 45.7 ಮೀಟರಿನ ಗರ್ಡರಿಗೆ ಸರಿಸಮನಾದುದು. ಯುರೋಪಿನ ಕಿಟ್‌ಗಳನ್ನು ಕೊಳ್ಳುವ ಮುನ್ನ ಒಳ ಅಗಲವನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಅಲ್ಲಿನ ಬೋಗಿಗಳ ಅಗಲ ಸಾಮಾನ್ಯವಾಗಿ 2.8 ಮೀಟರಿನ ಆಸುಪಾಸು, ನಮ್ಮವು 3.24 ಮೀಟರ್. ಈ ಒಂದು ವಿಷಯದಲ್ಲಿ ಅಮೆರಿಕದ ಸೇತುವೆಗಳೇ ನಮಗೆ ಹೆಚ್ಚು ಒಗ್ಗುತ್ತವೆ. ಪೆಟ್ಟಿಗೆಯ ಮೇಲಿನ ಬೆಲೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಕೊರಿಯರ್ ಖರ್ಚು, ಆಮದು ಸುಂಕ, ಅದರ ಮೇಲಿನ ತೆರಿಗೆ ಎಲ್ಲ ಸೇರಿ ಮನೆಗೆ ಬರುವಷ್ಟರಲ್ಲಿ ಲೆಕ್ಕವೇ ಬೇರೆಯಾಗಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ನೀವು ಕಿಟ್ಟಿನ ಗೊಡವೆಗೇ ಹೋಗಬಾರದು. ಮುಂಬಯಿ, ಠಾಣೆ ಕಡೆ ಟ್ರೋಫಿ ಮತ್ತು ನಾಮಫಲಕ ಮಾಡುವವರಲ್ಲಿ, ಬಿಲ್ಡರುಗಳಿಗೆ ಕಟ್ಟಡದ ಮಾದರಿ ಮಾಡಿಕೊಡುವವರಲ್ಲಿ ಲೇಸರ್ ಕಟಿಂಗ್ ಯಂತ್ರ ಇದ್ದೇ ಇರುತ್ತದೆ. ಕಂಪ್ಯೂಟರಿನಲ್ಲಿ ಒಂದು ಪಕ್ಕದ ನಕ್ಷೆ ಬರೆದು ಡಿಎಕ್ಸ್‌ಎಫ್ ಕಡತವಾಗಿ ಕೊಟ್ಟರೆ, 2 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಎರಡೂ ಪಕ್ಕಗಳನ್ನು ಕತ್ತರಿಸಿ ಕೊಡುತ್ತಾರೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಗ್ಗವೆಂದು ಅವರು ಹೇಳಿದರೆ ಒಪ್ಪಬೇಡಿ, ನಮ್ಮ ಮಳೆಗಾಲದಲ್ಲಿ ಅದು ಉಬ್ಬಿ ಅಂಚು ಬಿಡುತ್ತದೆ. ಅಕ್ರಿಲಿಕ್ ಅಂಟಿಸಲು ಆ ಅಂಗಡಿಗಳಲ್ಲಿ ಕ್ಲೋರೋಫಾರ್ಮ್ ಬಳಸುವುದುಂಟು. ಅದರ ಹಬೆ ಆರೋಗ್ಯಕ್ಕೆ ಹಾನಿಕರವಾದ್ದರಿಂದ ಮನೆಯಲ್ಲಿ ಅದನ್ನು ಬಳಸದೆ, ಅಂಟಿಸುವ ಕೆಲಸವನ್ನೂ ಅವರಿಗೇ ಒಪ್ಪಿಸುವುದು ಮೇಲು. ರಿವೆಟ್ಟುಗಳ ತಲೆಗಳು ಈ ಅಳತೆಯಲ್ಲಿ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಗುಂಡುಸೂಜಿಯ ತುದಿಯಿಂದ ಬಿಳಿ ಫೆವಿಕಾಲಿನ ಚುಕ್ಕೆಗಳನ್ನಿಟ್ಟು, ಒಣಗಿದ ಮೇಲೆ ಬಣ್ಣ ಹೊಡೆದರೆ ಸಾಕು. ಎಲ್ಲ ಕಡೆಯೂ ಇಡಬೇಕಿಲ್ಲ. ಸರಳುಗಳು ಕೂಡುವ ಗಸೆಟ್ ತಗಡುಗಳ ಮೇಲೆ ಇಟ್ಟರೆ ಕಣ್ಣು ಉಳಿದುದನ್ನು ತಾನೇ ತುಂಬಿಕೊಳ್ಳುತ್ತದೆ.

ಎತ್ತಿಡುವ ಸೇತುವೆಗೆ ಅಕ್ರಿಲಿಕ್ ಪಕ್ಕಗಳು ಬರೀ ಅಲಂಕಾರ. ಭಾರ ಹೊರಬೇಕಾದದ್ದು ಕೆಳಗಿನ ತಳ. ಸ್ಲೈಡಿಂಗ್ ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ತುಂಡುಗಳ ರಾಶಿಯಿಂದ 25 ಮಿ.ಮೀ. ಅಲ್ಯೂಮಿನಿಯಮ್ ಆಂಗಲ್ ಎರಡನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ ತನ್ನಿ. ಹಳಿಯ ಕೆಳಗೆ ಉದ್ದಕ್ಕೂ ಓಡುವ ಗರ್ಡರುಗಳ ಜಾಗದಲ್ಲಿ ಅವನ್ನು ಕೂರಿಸಿ ಬಣ್ಣ ಹೊಡೆದರೆ ಸೇತುವೆಯದೇ ಭಾಗವೆಂಬಂತೆ ಕಾಣುತ್ತವೆ. ಮೇಲೆ ಹಾಸುವ ಹಳಿ ತುಂಡಾಗದ ಒಂದೇ ಉದ್ದವಾಗಿರಲಿ. ಪೀಕೋ ಕಂಪನಿಯ ಫ್ಲೆಕ್ಸ್ (ಬೇಕಾದಂತೆ ಬಾಗಿಸಬಹುದಾದ) ಹಳಿ 914 ಮಿ.ಮೀ. ಇರುವುದರಿಂದ ನಿಮ್ಮ ಸೇತುವೆಯ ನಡುವೆ ಒಂದೂ ಬೆಸುಗೆ ಬರಬೇಕಿಲ್ಲ.

ಇನ್ನು ತುದಿಗಳ ಮಾತು. ಎತ್ತಿಡುವ ಸೇತುವೆಗಳು ಕೈಕೊಡುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಿಜವಾದ ಉಕ್ಕಿನ ಸೇತುವೆಯಲ್ಲಿ ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಬಿಸಿಲಿಗೆ ಹಿಗ್ಗಲು ಅನುಕೂಲವಾಗುವಂತೆ ರೋಲರಿನ ಮೇಲೆ ಅಥವಾ ಜಾರುವ ತಗಡಿನ ಮೇಲೆ ಕೂರಿಸುತ್ತಾರೆ. ನೀವೂ ಹಾಗೆಯೇ ಮಾಡಿ. ಒಂದು ತುದಿಯಲ್ಲಿ 6 ಮಿ.ಮೀ. ಹಿತ್ತಾಳೆಯ ಗೂಟವೊಂದು ಅಷ್ಟೇ ಅಳತೆಯ ರಂಧ್ರದಲ್ಲಿ ಕೂರಲಿ, ಇನ್ನೊಂದು ತುದಿಯಲ್ಲಿ ಅಂಥದೇ ಗೂಟ ಉದ್ದುದ್ದನೆಯ ಸೀಳಿನಲ್ಲಿ ಕೂರಲಿ. ಆಗ ಸೇತುವೆ ಅಡ್ಡಕ್ಕೆ ಅಲುಗುವುದಿಲ್ಲ, ಉದ್ದಕ್ಕೆ ಮಾತ್ರ ಕೂದಲೆಳೆಯಷ್ಟು ಜಾರಬಲ್ಲದು. ತುದಿಯ ನಾಲ್ಕಾರು ಸೆಂ.ಮೀ. ಹಳಿಗೆ ಪ್ಲಾಸ್ಟಿಕ್ ಸ್ಲೀಪರುಗಳನ್ನು (ಹಳಿಯ ಕೆಳಗಿನ ಅಡ್ಡಪಟ್ಟಿಗಳನ್ನು) ನಂಬಬೇಡಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ, ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಬಳಸುವ ತಾಮ್ರ ಲೇಪಿತ ಪಿಸಿಬಿ ಹಾಳೆಯನ್ನು ಸ್ಲೀಪರಿನ ಅಗಲಕ್ಕೆ ಕತ್ತರಿಸಿ, ನಡುವೆ ತಾಮ್ರವನ್ನು ಕೆರೆದು ಎರಡು ಹಳಿಗಳ ನಡುವಿನ ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಹಳಿಯನ್ನು ಅದಕ್ಕೆ ಬೆಸೆಯಿರಿ. ಸೇತುವೆಯ ಕಡೆ ಹಾಗೂ ಮೇಜಿನ ಕಡೆ ಎರಡರಲ್ಲಿಯೂ ಇದು ಬೇಕು. ಹಳಿಯನ್ನು ಮೊದಲು ಅಖಂಡವಾಗಿ ಬೆಸೆದು, ಕಡೆಯಲ್ಲಿ ತೆಳುವಾದ ಗರಗಸದಿಂದ ಸೀಳಿದರೆ ಎರಡು ಬದಿಗಳು ತಾವಾಗಿಯೇ ಒಂದೇ ನೇರದಲ್ಲಿರುತ್ತವೆ. ಸೀಳಿದ ಮೇಲೆ ಒಳ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದನ್ನು ಮರೆಯಬೇಡಿ.

ಮಳೆಗಾಲದಲ್ಲಿ ಮರದ ಪಟ್ಟಿ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಆದ್ದರಿಂದ ಜುಲೈಯಲ್ಲಿ ನಿಮಗೆ ಕಾಣುವ ತೊಂದರೆ ಸಂದು ಮುಚ್ಚಿಕೊಳ್ಳುವುದಲ್ಲ, ಮೇಜಿನ ಹಳಿ ಸೇತುವೆಯ ಹಳಿಗಿಂತ ಒಂದಿಷ್ಟು ಮೇಲೇಳುವುದು. ಆಸರೆಯ ಕಟ್ಟೆಯ ಕೆಳಗೆ ಮೂರು ಸ್ಕ್ರೂಗಳನ್ನಿಟ್ಟು ಎತ್ತರವನ್ನು ಸರಿಪಡಿಸಲು ಅವಕಾಶ ಮಾಡಿಕೊಂಡರೆ, ವರ್ಷಕ್ಕೆರಡು ಬಾರಿ ಸ್ಕ್ರೂಡ್ರೈವರ್ ತಿರುಗಿಸುವುದರಲ್ಲಿ ಕೆಲಸ ಮುಗಿಯುತ್ತದೆ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತಿನ ಮೆರೀನ್ ಪ್ಲೈ ಕೇಳಿ ಪಡೆಯಿರಿ.

ವಿದ್ಯುತ್ತಿನ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಸಲಹೆ. ಸೇತುವೆ ಕೂತಾಗ ಮಾತ್ರ ಒತ್ತಿಕೊಳ್ಳುವ ಮೈಕ್ರೋಸ್ವಿಚ್ ಒಂದನ್ನು ಕಟ್ಟೆಯಲ್ಲಿ ಅಡಗಿಸಿ, ಎರಡೂ ಬದಿಯ ಒಂದೊಂದು ಮೀಟರ್ ಹಳಿಯ ವಿದ್ಯುತ್ ಅದರ ಮೂಲಕವೇ ಹೋಗುವಂತೆ ಮಾಡಿ. ಸೇತುವೆ ಎತ್ತಿದ ಕೂಡಲೇ ಆ ಹಳಿಗಳು ನಿರ್ಜೀವವಾಗುತ್ತವೆ, ಎಂಜಿನ್ ಬಂದು ನೆಲಕ್ಕೆ ಬೀಳುವ ಪ್ರಮೇಯ ಬರುವುದಿಲ್ಲ. ಇಂದು ಒಳ್ಳೆಯ ಎಂಜಿನ್ನಿನ ಬೆಲೆ ನೋಡಿದರೆ ಈ ಸ್ವಿಚ್ ಪುಕ್ಕಟೆ.

ಬಣ್ಣ ಹಸಿರೋ ಕಂದೋ ಎಂದು ಚಿಂತಿಸಬೇಡಿ. ನಮ್ಮ ರೈಲ್ವೆಯ ಉಕ್ಕಿನ ಗರ್ಡರುಗಳಿಗೆ ಸಾಮಾನ್ಯವಾಗಿ ಹೊಡೆಯುವುದು ಬೆಳ್ಳಿ ಬೂದಿಯ ಅಲ್ಯೂಮಿನಿಯಮ್ ಬಣ್ಣ. ಮೊದಲು ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಬೆಳ್ಳಿ ಬಣ್ಣ ಹೊಡೆದು, ಕೂಡುಗಳ ಬಳಿ ಅಲ್ಲಲ್ಲಿ ಉಜ್ಜಿ ಕೆಳಗಿನ ಕೆಂಪು ಇಣುಕುವಂತೆ ಮಾಡಿದರೆ ಅದು ಕೊಂಕಣ ಕರಾವಳಿಯ ಸೇತುವೆಯೆಂದು ಯಾರಿಗೂ ಹೇಳಬೇಕಾಗುವುದಿಲ್ಲ. ಎರಡು ಹಳಿಗಳ ನಡುವೆ ಗಾರ್ಡ್ ರೈಲುಗಳನ್ನೂ (ಹಳಿ ತಪ್ಪಿದ ಗಾಲಿಯನ್ನು ತಡೆಯುವ ಒಳಹಳಿಗಳನ್ನು) ಹಾಕಿ, ತುದಿಯಲ್ಲಿ ಅವು ಒಂದನ್ನೊಂದು ಸಮೀಪಿಸುವಂತಿರಲಿ. ಗರ್ಡರ್ ಸೇತುವೆಯ ಮೇಲೆ ಜಲ್ಲಿ ಸುರಿಯಬೇಡಿ.

ಪ್ರಶ್ನೆ: ಪುಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಲೇಔಟ್ ಕಟ್ಟುತ್ತಿದ್ದೇವೆ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದೊಡ್ಡ ಸೇತುವೆಯ ಮೂಲಕ ದಾಟಬೇಕೆಂಬುದು ಮಗನ ಹಟ. ಎಷ್ಟು ಎತ್ತರ ಬೇಕು?
— ಓದುಗರು, ಸಿಂಹಗಡ ರಸ್ತೆ, ಪುಣೆ

ಉತ್ತರ: ಕೆಳಗಿನ ಹಳಿಯ ಮೇಲ್ಮೈಯಿಂದ ಸೇತುವೆಯ ತಳದವರೆಗೆ 75 ಮಿ.ಮೀ. ಬಿಟ್ಟರೆ ಮೇಲುತಂತಿಯ ರೈಲಿಗೂ ಸಾಲುತ್ತದೆ. ಸೇತುವೆಯ ದಪ್ಪ 25 ಮಿ.ಮೀ. ಸೇರಿಸಿದರೆ ಹಳಿಯಿಂದ ಹಳಿಗೆ 100 ಮಿ.ಮೀ. ಈಗ ಏರಿನ ಲೆಕ್ಕ. ಮುಂಬಯಿಯಿಂದ ನಿಮ್ಮ ಊರಿಗೆ ಬರುವಾಗ ಭೋರ್ ಘಟ್ಟದಲ್ಲಿ ಹತ್ತಬೇಕಾದ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಏರು, ಅದಕ್ಕೇ ಅಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ನುಗಳು ಬೇಕಾಗುತ್ತವೆ. ಅಷ್ಟು ಕಡಿದಾದ ಏರನ್ನೇ ಒಪ್ಪಿಕೊಂಡರೂ 100 ಮಿ.ಮೀ. ಹತ್ತಲು 3.7 ಮೀಟರ್, ಇಳಿಯಲು ಮತ್ತೆ 3.7 ಮೀಟರ್ ಹಳಿ ಬೇಕು. ನಿಮ್ಮ ಹಲಗೆಯ ಸುತ್ತ ಹಾಕಿದ ಅಂಡಾಕಾರದ ಹಳಿಯ ಉದ್ದವೇ ಸುಮಾರು 6 ಮೀಟರ್.

ಆದ್ದರಿಂದ ಮೇಲಿನ ಹಳಿಯನ್ನು 50 ಮಿ.ಮೀ. ಏರಿಸಿ, ಕೆಳಗಿನ ಹಳಿಯನ್ನು 50 ಮಿ.ಮೀ. ಇಳಿಸಿ. ಹಲಗೆ ಅಖಂಡವಾಗಿದ್ದರೆ ಇದಾಗದು. ಹಳಿ ಇರುವ ಕಡೆ ಮಾತ್ರ ಪ್ಲೈ ಉಳಿಸಿ, ಉಳಿದುದನ್ನು ಜಿಗ್‌ಸಾದಿಂದ ಕತ್ತರಿಸಿ ತೆಗೆದು, ಅಡಿಯಲ್ಲಿ ಪಟ್ಟಿಗಳ ಚೌಕಟ್ಟು ಕೊಡಬೇಕು. ಏರು ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ಪ್ಲೈ ತಾನಾಗಿ ಬಾಗುವಷ್ಟು ಮೆಲ್ಲನೆಯ ತಿರುವಿರಲಿ, ಇಲ್ಲವಾದರೆ ಬೋಗಿಗಳ ಕೊಂಡಿ ಕಳಚಿಕೊಳ್ಳುತ್ತದೆ. ಹೀಗೆ ಹಳಿ ಹಳಿಯನ್ನು ದಾಟುವಲ್ಲಿ ರೈಲು ಒಳಗಿನಿಂದ ಹೋಗುವ ಸೇತುವೆಯೇ ಸರಿ, ಏಕೆಂದರೆ ಅದರ ತಳ ತೆಳುವಾಗಿರುತ್ತದೆ. ರೈಲು ಮೇಲೆ ಓಡುವ ಡೆಕ್ ಮಾದರಿಯ ಟ್ರಸ್ ಹಾಕಿದರೆ ಅದರ ಆಳವೆಲ್ಲ ಎತ್ತರಕ್ಕೆ ಸೇರುತ್ತದೆ.

ಮಗ ಒಪ್ಪುವುದಾದರೆ ಇನ್ನೂ ಸುಲಭದ ದಾರಿಯಿದೆ. ಹಳಿ ಸಮತಟ್ಟಾಗಿಯೇ ಇರಲಿ. ಅದರ ಕೆಳಗೆ ಹಲಗೆಯನ್ನು ಕತ್ತರಿಸಿ, ಒಂದು ಅಡಿ ಕೆಳಗೆ ನದಿಯ ತಳ ಮಾಡಿ. ಏರೂ ಬೇಡ, ಇಳಿತವೂ ಬೇಡ, ಆದರೆ ಸೇತುವೆ ನಿಜವಾಗಿಯೂ ದೊಡ್ಡದಾಗಿ ಕಾಣುತ್ತದೆ. ಮೊದಲು ಹಳಿ ಹಾಸಿ ನಾಲ್ಕು ದಿನ ರೈಲು ಓಡಿಸಿ, ಆಮೇಲೆ ಕೆಳಗಿನ ಪ್ಲೈ ಕತ್ತರಿಸಿ ಸೇತುವೆಯನ್ನು ತೂರಿಸಿ. ಕೋಥರೂಡಿನಲ್ಲಿರುವ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯ 1998ರಿಂದ ನಡೆಯುತ್ತಿದೆ. ಮಗನನ್ನು ಅಲ್ಲಿಗೆ ಕರೆದೊಯ್ದು, ಹಳಿಗಳು ಒಂದರ ಮೇಲೊಂದು ಹೇಗೆ ಹತ್ತಿಳಿಯುತ್ತವೆಂದು ಪಕ್ಕದಿಂದ ಬಗ್ಗಿ ನೋಡಲು ಹೇಳಿ.

ಪ್ರಶ್ನೆ: ದೂಧಸಾಗರದ ಜಲಪಾತದ ಮುಂದಿರುವ ತಿರುವಿನ ಸೇತುವೆಯನ್ನು ಎಚ್‌ಒ ಅಳತೆಯಲ್ಲಿ ಮಾಡಬೇಕೆಂದಿದ್ದೇನೆ. ಸಿದ್ಧವಾದದ್ದು ಸಿಗುತ್ತದೆಯೇ?
— ಓದುಗರು, ಮಡಗಾಂವ್

ಉತ್ತರ: ಆ ಸೇತುವೆಯ ಕಿಟ್ಟಿಗಾಗಿ ಕಾಯುವ ಬದಲು ನೀವೇ ಕಟ್ಟುವುದು ಒಳ್ಳೆಯದು. ಆದರೆ ಅಳತೆಗಳಿಗೆ ಮೊದಲೇ ಕಡಿವಾಣ ಹಾಕಿಕೊಳ್ಳಿ. 310 ಮೀಟರಿನ ಜಲಪಾತ 1:87ರಲ್ಲಿ ಮೂರೂವರೆ ಮೀಟರ್ ದಾಟುತ್ತದೆ, ನಿಮ್ಮ ಮನೆಯ ಚಾವಣಿಗೆ ತೂತು ಕೊರೆಯಬೇಕಾದೀತು. ಕೊಂಕಣ ರೈಲ್ವೆಯ ಪಾನವಲ್ ನದಿಯ ಸೇತುವೆಯನ್ನು ತೆಗೆದುಕೊಂಡರೂ, 64 ಮೀಟರ್ ಎತ್ತರ 74 ಸೆಂ.ಮೀ.ಗೆ ಬಂದು ನಿಲ್ಲುತ್ತದೆ, ಆದರೆ 424 ಮೀಟರ್ ಉದ್ದ ಐದು ಮೀಟರಿಗೆ ಹತ್ತಿರವಾಗುತ್ತದೆ. ಹಾಗಾಗಿ ಕಂಬಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಒಂದೊಂದು ಕಂಬದ ಎತ್ತರ ಮತ್ತು ಅಗಲದ ಪ್ರಮಾಣವನ್ನು ಮಾತ್ರ ಕೆಡಿಸದೆ ಉಳಿಸಿಕೊಳ್ಳಿ. ನೋಡುವವರು ಕಂಬಗಳನ್ನು ಎಣಿಸುವುದಿಲ್ಲ, ಕುಳ್ಳಾದ ಕಂಬವನ್ನು ಮಾತ್ರ ತಕ್ಷಣ ಗುರುತಿಸುತ್ತಾರೆ.

ತಿರುವಿನ ಸೇತುವೆಯಲ್ಲಿ ಪ್ರತಿಯೊಂದು ಕಣ್ಣೂ (ಎರಡು ಕಂಬಗಳ ನಡುವಿನ ಭಾಗ) ನೇರವಾಗಿಯೇ ಇರಲಿ, ಕೋನವನ್ನು ಕಂಬಗಳಲ್ಲಿ ತಿರುಗಿಸಿ. ಕಂಬ ಒಳಬದಿಗೆ ತುಸು ಕಿರಿದಾಗಿ, ಹೊರಬದಿಗೆ ಅಗಲವಾಗಿರಬೇಕು. 6 ಮಿ.ಮೀ. ಮೆರೀನ್ ಪ್ಲೈನಲ್ಲಿ ಅಸ್ಥಿಪಂಜರ ಮಾಡಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗೆ ಬಳಿದು, ಪೂರ್ತಿ ಗಟ್ಟಿಯಾಗುವ ಮೊದಲೇ ಕಲ್ಲಿನ ಗೆರೆಗಳನ್ನು ಕೊರೆಯಿರಿ. ಗೋವೆಯ ಗಾಳಿಯಲ್ಲಿ ಅದು ತೇವ ಹೀರದಂತೆ ಎಲ್ಲ ಬದಿಗೂ ಪ್ರೈಮರ್ ಕೊಡಬೇಕು. ಆ ಘಟ್ಟದಲ್ಲಿಯೂ ಏರು 37ಕ್ಕೆ 1. ಅದನ್ನು ಹಾಗೆಯೇ ತರಬೇಕೆಂಬ ಮೋಹ ಬೇಡ, ತಿರುವಿನಲ್ಲಿ ಎಳೆಯುವ ಶ್ರಮ ಇನ್ನೂ ಹೆಚ್ಚು. 50ಕ್ಕೆ 1 ಸಾಕು. ಹಳೆಯ ಮೀಟರ್ ಗೇಜ್ ಕಾಲದ ದೃಶ್ಯ ಬೇಕೆಂದರೆ 12 ಮಿ.ಮೀ. ಹಳಿ ಬಳಸಬೇಕು, ಆದರೆ ಅದಕ್ಕೆ ತಕ್ಕ ಭಾರತೀಯ ಬೋಗಿಗಳನ್ನೂ ನೀವೇ ಮಾಡಿಕೊಳ್ಳಬೇಕಾದೀತು.

ಕೈಪಿಡಿ ಗೋಡೆಯನ್ನು ಅಂಟಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸವಾಗಲಿ. ಎಲ್‌ಎಚ್‌ಬಿ ಎಂಬ ಈಗಿನ ಉದ್ದನೆಯ ಪ್ರಯಾಣಿಕ ಬೋಗಿ ಈ ಅಳತೆಯಲ್ಲಿ 27 ಸೆಂ.ಮೀ. ಉದ್ದವಿರುತ್ತದೆ. 60 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಅದರ ಹೊಟ್ಟೆ ಒಳಕ್ಕೆ 6 ಮಿ.ಮೀ., ಮೂಲೆಗಳು ಹೊರಕ್ಕೆ 9 ಮಿ.ಮೀ. ಚಾಚುತ್ತವೆ. ಬೋಗಿಯ ಅರ್ಧ ಅಗಲ ಸೇರಿಸಿದರೆ ಹಳಿಯ ಮಧ್ಯದಿಂದ ಒಳಕ್ಕೆ 25, ಹೊರಕ್ಕೆ 28 ಮಿ.ಮೀ. ಬೇಕು, ಅದರ ಮೇಲೆ ಮೂರು ಮಿ.ಮೀ. ಸಡಿಲ ಬಿಡಿ. ಲೆಕ್ಕವನ್ನು ನಂಬಿ ಕೂರದೆ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯ ಎರಡೂ ಪಕ್ಕಕ್ಕೆ ಪೆನ್ಸಿಲ್ ತುಂಡುಗಳನ್ನು ಟೇಪಿನಿಂದ ಅಂಟಿಸಿ ಸೇತುವೆಯ ಮೇಲೆ ಕೈಯಿಂದ ನಿಧಾನವಾಗಿ ತಳ್ಳಿ, ಅವು ಗೀಚಿದ ಗೆರೆಗಳ ಆಚೆಗೆ ಗೋಡೆ ಕಟ್ಟಿ.